1988ರ ಡೆಟ್ರಾಯ್ಟ್ ಸಂಕಲನ: ಕೇಳುಗರ ಮಾತನ್ನು ಎಷ್ಟು ನಂಬಬೇಕು?

ಪ್ರಶ್ನೆ

ನಾನು ಮೈಸೂರಿನವನು, ವಯಸ್ಸು ನಲವತ್ತೊಂದು. ಸುಗಮ ಸಂಗೀತ, ಹಳೆಯ ಚಿತ್ರಗೀತೆ ಕೇಳಿ ಬೆಳೆದ ಕಿವಿ ನನ್ನದು. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ಡಿಜೆ ಕೆಲಸ ಮಾಡುವ ನನ್ನ ಅಕ್ಕನ ಮಗ ಒಂದು ಆಲ್ಬಮ್ಮಿನ ಹೆಸರು ಹೇಳಿ, 'ಮಾಮ, ಇದನ್ನ ಕೇಳಿ. ಎಲ್ಲಾ ಶುರುವಾಗಿದ್ದು ಇಲ್ಲಿಂದಲೇ' ಅಂದ. 1988ರಲ್ಲಿ ಬಂದ 'ಟೆಕ್ನೋ! ದ ನ್ಯೂ ಡ್ಯಾನ್ಸ್ ಸೌಂಡ್ ಆಫ್ ಡೆಟ್ರಾಯ್ಟ್' ಅನ್ನುವ ಸಂಕಲನ. ಎರಡು ಸಲ ಕೇಳಿದೆ. ಎರಡು ಮೂರು ಹಾಡು ಹಿಡಿಸಿದವು, ಉಳಿದದ್ದು ನಿಂತಲ್ಲೇ ನಿಂತು ಕುಟ್ಟಿದ ಹಾಗಿತ್ತು. ಬೇರೆ ಕೇಳುಗರು ಏನನ್ನುತ್ತಾರೆ ಎಂದು ಓದಲು ಹೋಗಿ ಗೊಂದಲ ಇನ್ನೂ ಹೆಚ್ಚಾಯಿತು. ಒಬ್ಬರು ಇದು ಮೈಲಿಗಲ್ಲು ಅನ್ನುತ್ತಾರೆ. ಇನ್ನೊಬ್ಬರು ಇದು ಟೆಕ್ನೋನೇ ಅಲ್ಲ, ಹೌಸ್ ಅನ್ನುತ್ತಾರೆ. ಮತ್ತೊಬ್ಬರಿಗೆ ಇದು ಒಂದು ಹಿಟ್ ಹಾಡಿನ ಬೆನ್ನಿಗೆ ಕಟ್ಟಿದ ಹನ್ನೊಂದು ಖಾಲಿ ಡಬ್ಬ. ಯಾರನ್ನು ನಂಬಲಿ? ಇದರ ಎಲ್‌ಪಿ ಕೊಳ್ಳಬೇಕೆಂಬ ಆಸೆಯೂ ಇದೆ. ಕೊಳ್ಳಬಹುದೇ?

ಉತ್ತರ

ನಿಮ್ಮ ಕಿವಿಯಲ್ಲಿ ದೋಷವೇನಿಲ್ಲ. ಆ ಮೂವರು ಕೇಳುಗರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರು ಒಂದೊಂದು ಜಾಗದಲ್ಲಿ ನಿಂತು ಕೇಳಿದ್ದಾರೆ, ನಿಂತ ಜಾಗ ಯಾವುದೆಂದು ಹೇಳಿಲ್ಲ, ಅಷ್ಟೆ. ಕುಣಿತಕ್ಕೆಂದು ಮಾಡಿದ ಸಂಗೀತದ ಸಂಕಲನದ ಬಗ್ಗೆ ಯಾರ ಅಭಿಪ್ರಾಯ ಓದಿದರೂ ನಾನು ಮೊದಲು ಹುಡುಕುವುದು ಆ ಜಾಗವನ್ನು. ಟೆಕ್ನೋ, ಹೌಸ್ ಎರಡೂ ತಾಳಯಂತ್ರ, ಸಿಂಥಸೈಜರ್‌ಗಳಿಂದ ಮಾಡಿದ ಕುಣಿತದ ಸಂಗೀತದ ಬಗೆಗಳು. ಈ ಆಲ್ಬಮ್ಮಿನ ವಿಚಾರದಲ್ಲಂತೂ ಆ ಜಾಗ ತಿಳಿಯದಿದ್ದರೆ ಮಾತು ಮುಂದಕ್ಕೇ ಹೋಗದು. ಯಾಕೆಂದರೆ ಜನ ಜಗಳವಾಡುತ್ತಿರುವ 'ಟೆಕ್ನೋ' ಅನ್ನುವ ಆ ಪದ ಇದರ ಮುಖಪುಟಕ್ಕೆ ಬಂದದ್ದೇ ತಡವಾಗಿ.

ಕತೆಯನ್ನು ಸ್ವಲ್ಪ ಹಿಂದಿನಿಂದ ಹಿಡಿಯುತ್ತೇನೆ. ಡೆಟ್ರಾಯ್ಟ್ ಮೋಟಾರು ಕಾರಿನ ಊರು. 1950ರಲ್ಲಿ ಅಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದರು. 1990ರ ಹೊತ್ತಿಗೆ ಹತ್ತು ಲಕ್ಷದ ಚಿಲ್ಲರೆಗೆ ಇಳಿದಿದ್ದರು. ಕಾರ್ಖಾನೆಗಳು ಮುಚ್ಚಿದವು, 1967ರ ಗಲಭೆಯ ನಂತರ ಅನುಕೂಲಸ್ಥರು ಊರ ಹೊರಗಿನ ಬಡಾವಣೆಗಳಿಗೆ ಹೋದರು, ಊರಿನ ಹೆಮ್ಮೆಯಾಗಿದ್ದ ಮೋಟೌನ್ ಸಂಗೀತ ಸಂಸ್ಥೆಯೂ 1972ರಲ್ಲಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. ಊರಿನಿಂದ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಬೆಲ್‌ವಿಲ್ ಎಂಬಲ್ಲಿ ಮೂವರು ಕಪ್ಪುಜನಾಂಗದ ಹುಡುಗರು ಒಂದೇ ಹೈಸ್ಕೂಲಿನಲ್ಲಿ ಓದುತ್ತಿದ್ದರು: ಹ್ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ಎಲೆಕ್ಟ್ರಿಫೈಯಿಂಗ್ ಮೋಜೋ ಎಂಬ ಹೆಸರಿನ ರೇಡಿಯೊ ನಿರೂಪಕ ರಾತ್ರಿ ಹೊತ್ತು ಜರ್ಮನಿಯ ಯಂತ್ರಸಂಗೀತದ ತಂಡ ಕ್ರಾಫ್ಟ್‌ವರ್ಕ್, ಪ್ರಿನ್ಸ್, ಜಾರ್ಜ್ ಕ್ಲಿಂಟನ್‌ನ ಫಂಕ್ ಎಲ್ಲವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಿದ್ದ. ಕಪ್ಪುಜನರ ಹಾಡು ಬೇರೆ, ಬಿಳಿಯರ ಹಾಡು ಬೇರೆ ಎಂಬ ರೇಡಿಯೊ ಮಡಿ ಅವನಿಗಿರಲಿಲ್ಲ. ಈ ಹುಡುಗರ ಕಿವಿ ತಯಾರಾದದ್ದು ಅಲ್ಲಿ.

ಮೂವರಲ್ಲಿ ಹಿರಿಯ ಆಟ್ಕಿನ್ಸ್. ವಿಯೆಟ್ನಾಂ ಯುದ್ಧದಿಂದ ಮರಳಿದ್ದ ರಿಕ್ ಡೇವಿಸ್ ಎಂಬುವನ ಜೊತೆ ಸೈಬೊಟ್ರಾನ್ ಎಂಬ ಹೆಸರಿನಲ್ಲಿ 1981ರಲ್ಲೇ ರೆಕಾರ್ಡ್ ತಂದ. 1985ರಲ್ಲಿ ಮೆಟ್ರೊಪ್ಲೆಕ್ಸ್ ಎಂಬ ಸ್ವಂತ ಲೇಬಲ್, ಅಂದರೆ ರೆಕಾರ್ಡ್ ಹೊರತರುವ ಸಂಸ್ಥೆ, ಶುರುಮಾಡಿದ. ಮುಂದಿನ ವರ್ಷ ಡೆರಿಕ್ ಮೇ ಟ್ರಾನ್ಸ್‌ಮ್ಯಾಟ್ ತೆರೆದ, ಆಮೇಲೆ ಸಾಂಡರ್ಸನ್ ಕೆಎಂಎಸ್ ತೆರೆದ. ಜಪಾನಿನ ರೋಲ್ಯಾಂಡ್ ಸಂಸ್ಥೆಯ ಟಿಆರ್-808, ಟಿಆರ್-909 ತಾಳಯಂತ್ರಗಳು ಅಂಗಡಿಯಲ್ಲಿ ಸೋತು ಸೆಕೆಂಡ್ ಹ್ಯಾಂಡಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಕಾಲ ಅದು. ನಿಜವಾದ ಡ್ರಮ್ಮಿನ ಹಾಗೆ ಕೇಳಿಸುವುದಿಲ್ಲ ಎಂದು ಉಳಿದವರು ಬಿಟ್ಟ ಯಂತ್ರಗಳನ್ನು ಈ ಹುಡುಗರು ಮನೆಗೆ ತಂದರು. ಡ್ರಮ್ಮಿನ ಹಾಗೆ ಕೇಳಿಸದಿರುವುದೇ ಅವರಿಗೆ ಬೇಕಾಗಿತ್ತು.

ಈಗ ಇಂಗ್ಲೆಂಡಿಗೆ ಬನ್ನಿ. ನೀಲ್ ರಶ್ಟನ್ ಬರ್ಮಿಂಗ್‌ಹ್ಯಾಮ್ ಕಡೆಯವರು. 'ನಾರ್ದರ್ನ್ ಸೋಲ್' ಎಂಬ ಗೀಳಿನ ಹಳೆಯ ಡಿಜೆ. ಅರವತ್ತರ ದಶಕದ ಡೆಟ್ರಾಯ್ಟ್ ಮುಂತಾದ ಊರುಗಳ ಅಪರೂಪದ ಸೋಲ್ (ಕಪ್ಪುಜನರ ಭಾವತುಂಬಿದ ಹಾಡಿನ ಬಗೆ) ರೆಕಾರ್ಡುಗಳನ್ನು ಹುಡುಕಿ ತಂದು ರಾತ್ರಿಯಿಡೀ ಕುಣಿಯುತ್ತಿದ್ದ ಬ್ರಿಟಿಷ್ ಕಾರ್ಮಿಕ ವರ್ಗದ ಹುಡುಗ ಹುಡುಗಿಯರ ಗೀಳು ಅದು. ಅಂಥ ಮನುಷ್ಯನ ಕೈಗೆ ಅದೇ ಊರಿನ ಹೊಸ ರೆಕಾರ್ಡುಗಳು ಬಂದಾಗ ಕುತೂಹಲ ಕೆರಳದೆ ಇರುತ್ತದೆಯೇ? ಅವರು ಡೆರಿಕ್ ಮೇ ಅವರನ್ನು ಸಂಪರ್ಕಿಸಿದರು, ಅವರ ಹಾಡುಗಳನ್ನು ತಮ್ಮ ಕೂಲ್ ಕ್ಯಾಟ್ ಲೇಬಲ್ಲಿಗೆ ಪಡೆದರು, ಆಮೇಲೆ ವರ್ಜಿನ್ ಸಂಸ್ಥೆಯ ಭಾಗವಾಗಿದ್ದ 10 ರೆಕಾರ್ಡ್ಸ್‌ನವರನ್ನು ಒಂದು ಸಂಕಲನಕ್ಕೆ ಒಪ್ಪಿಸಿದರು.

ಒಪ್ಪಿಸುವುದು ಕಷ್ಟವೂ ಆಗಿರಲಿಲ್ಲ. 1986ರಲ್ಲಿ ಶಿಕಾಗೋದ ಹೌಸ್ ಸಂಗೀತದ ಸಂಕಲನವೊಂದು ಬ್ರಿಟನ್ನಿನಲ್ಲಿ ದಾರಿ ತೆರೆದಿತ್ತು. 1987ರ ಜನವರಿಯಲ್ಲಿ ಸ್ಟೀವ್ 'ಸಿಲ್ಕ್' ಹರ್ಲಿ ಅವರ ಹೌಸ್ ಹಾಡು ಬ್ರಿಟಿಷ್ ಪಟ್ಟಿಯ ಮೊದಲ ಸ್ಥಾನಕ್ಕೇ ಏರಿತ್ತು. ಶಿಕಾಗೋ ಆಯಿತು, ಮುಂದಿನ ಊರು ಯಾವುದು ಎಂದು ಕಂಪನಿಗಳು ಕಾದಿದ್ದವು. ಹಾಗಾಗಿ ಈ ಆಲ್ಬಮ್ಮಿಗೆ ಮೊದಲು ಇಟ್ಟುಕೊಂಡಿದ್ದ ಹೆಸರು 'ದ ಹೌಸ್ ಸೌಂಡ್ ಆಫ್ ಡೆಟ್ರಾಯ್ಟ್'. ಡೆಟ್ರಾಯ್ಟಿನ ಹೌಸ್. ಆಮೇಲೆ ಆಟ್ಕಿನ್ಸ್ ತಮ್ಮ ಹಾಡು ಕಳಿಸಿದರು. ಅದರ ಹೆಸರು 'ಟೆಕ್ನೋ ಮ್ಯೂಸಿಕ್'. ಭವಿಷ್ಯವಾದಿ ಲೇಖಕ ಆಲ್ವಿನ್ ಟಾಫ್ಲರ್ ಬಳಸಿದ್ದ 'ಟೆಕ್ನೋ ರೆಬೆಲ್ಸ್' ಎಂಬ ಮಾತು ಆಟ್ಕಿನ್ಸ್ ತಲೆಯಲ್ಲಿ ಹೈಸ್ಕೂಲಿನ ದಿನಗಳಿಂದ ಕೂತಿತ್ತು. ಶಿಕಾಗೋದ ನೆರಳಿನಿಂದ ಹೊರಗೆ ಬರಲು ಬೇಕಾದ ಹೆಸರು ಸಿಕ್ಕಿತು. ಮುಖಪುಟ ಬದಲಾಯಿತು.

ಈ ಹಿನ್ನೆಲೆಯಿಂದ ನಿಮ್ಮ ಎರಡನೆಯ ಕೇಳುಗರ ಮಾತಿಗೆ ಬರೋಣ: 'ಇದು ಟೆಕ್ನೋನೇ ಅಲ್ಲ, ಹೌಸ್.' ಅವರ ಕಿವಿ ಸರಿಯಾಗಿಯೇ ಕೇಳಿದೆ. ಈ ಹನ್ನೆರಡು ಹಾಡುಗಳಲ್ಲಿ ಹಲವು ಹೌಸ್‌ಗೆ ತೀರ ಹತ್ತಿರದವು. ಹಾಡುವ ದನಿಗಳಿವೆ, ಪ್ರೀತಿ ಪ್ರೇಮದ ಸಾಲುಗಳಿವೆ. ಎರಡು ಊರುಗಳ ನಡುವೆ ನಾಲ್ಕೈದು ಗಂಟೆಯ ರಸ್ತೆ. ಡೆಟ್ರಾಯ್ಟಿನವರು ಶಿಕಾಗೋಗೆ ಹೋಗಿ ಕುಣಿದು, ಅಲ್ಲಿನ ಅಂಗಡಿಗಳಲ್ಲಿ ತಮ್ಮ ರೆಕಾರ್ಡ್ ಮಾರಿ ಬರುತ್ತಿದ್ದರು. ಶಿಕಾಗೋ ಹೌಸ್‌ನ ಹಿರಿಯ ಫ್ರ್ಯಾಂಕಿ ನಕಲ್ಸ್‌ಗೆ ಒಂದು 909 ಯಂತ್ರವನ್ನು ಮಾರಿದ್ದು ಇದೇ ಡೆರಿಕ್ ಮೇ. ಕೊಡುಕೊಳ್ಳುವಿಕೆ ಇಷ್ಟಿದ್ದ ಮೇಲೆ ಬೇಲಿ ಎಲ್ಲಿಂದ ಬರಬೇಕು?

ಆದರೆ ಆ ಕೇಳುಗರು 'ಟೆಕ್ನೋ' ಅಂದಾಗ ಅವರ ಮನಸ್ಸಿನಲ್ಲಿರುವುದು 1988ರ ಪದವಲ್ಲ. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ ಅಲ್ಲಿನ ನೆಲಮಾಳಿಗೆಯೊಂದರಲ್ಲಿ ಟ್ರೆಸರ್ ಕ್ಲಬ್ ತೆರೆದ ಮೇಲೆ ಗಟ್ಟಿಯಾದ ಪದ ಅದು. ದನಿಯಿಲ್ಲ, ಸಿಹಿಯಿಲ್ಲ, ವೇಗ ಹೆಚ್ಚು, ಗೋಡೆ ಅದುರುವ ಬೇಸ್ ಡ್ರಮ್. ಇವತ್ತು ಬೆಂಗಳೂರಿನ ಕ್ಲಬ್ಬಿನಲ್ಲಿ ನಿಮ್ಮ ಅಕ್ಕನ ಮಗ ನಿಮಿಷಕ್ಕೆ 130ರಿಂದ 140 ಬಡಿತದ ವೇಗದಲ್ಲಿ ನುಡಿಸುತ್ತಿರಬಹುದು. ಈ ಸಂಕಲನದ ಹಾಡುಗಳು 120ರ ಆಸುಪಾಸಿನಲ್ಲಿ ಓಡಾಡುತ್ತವೆ. ಬರ್ಲಿನ್ನಿನ ಗಡಸು ಟೆಕ್ನೋ ಕೇಳಿ ಬಂದವರಿಗೆ ಇದು ಮೆತ್ತಗೆ ಕೇಳಿಸದೆ ಇನ್ನೇನು?

ಇಲ್ಲೊಂದು ಸಂಗತಿ ಇದೆ, ನನಗೆ ತುಂಬ ಮುಖ್ಯ ಎನ್ನಿಸುವುದು. ಈ ಆಲ್ಬಮ್ಮಿನಲ್ಲಿ 'ಶೇರ್ ದಿಸ್ ಹೌಸ್' ಎಂಬ ಹಾಡು ಇದೆ. ಚರ್ಚಿನ ಗೋಷ್ಠಿಗಾನದ ಛಾಯೆ ಇರುವ, ಹೆಸರಿನಲ್ಲೇ 'ಹೌಸ್' ಇರುವ ಹಾಡು. 'ಇದು ಟೆಕ್ನೋ ಅಲ್ಲ' ಎನ್ನುವವರು ಮೊದಲು ಬೊಟ್ಟು ಮಾಡಬಹುದಾದದ್ದು ಅದಕ್ಕೇ. ಅದನ್ನು ಮಾಡಿದ ಮೆಂಬರ್ಸ್ ಆಫ್ ದ ಹೌಸ್ ತಂಡದಲ್ಲಿದ್ದವರು ಮೈಕ್ ಬ್ಯಾಂಕ್ಸ್. ಮುಂದೆ ಜೆಫ್ ಮಿಲ್ಸ್ ಜೊತೆ ಸೇರಿ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಎಂಬ ಟೆಕ್ನೋ ಬಳಗ ಕಟ್ಟಿದ್ದು ಇದೇ ಬ್ಯಾಂಕ್ಸ್. ಟ್ರೆಸರ್ ಕ್ಲಬ್ಬಿನ ಲೇಬಲ್ 1991ರಲ್ಲಿ ತನ್ನ ಮೊದಲ ರೆಕಾರ್ಡನ್ನು ತಂದದ್ದು ಆ ಬಳಗದವರದೇ. ಅಂದರೆ ಈ ಆಲ್ಬಮ್ಮಿನ ಅತ್ಯಂತ 'ಹೌಸ್' ಹಾಡಿನಲ್ಲಿದ್ದ ಕೈಯೇ ಮೂರು ವರ್ಷದೊಳಗೆ ಅತ್ಯಂತ ಗಡಸು ಟೆಕ್ನೋವನ್ನೂ ಮಾಡಿತು. ಮಗನ ಮುಖ ನೋಡಿ ಅಪ್ಪನಿಗೆ ಮನೆತನದ ಚಹರೆ ಇಲ್ಲ ಎಂದರೆ ಹೇಗೋ, ಈ ಆಲ್ಬಮ್ಮನ್ನು ಟೆಕ್ನೋ ಅಲ್ಲ ಎನ್ನುವುದೂ ಹಾಗೆ. ಆ ಅಭಿಪ್ರಾಯವನ್ನು ನೀವು 'ಈ ಆಲ್ಬಮ್ ಈಗಿನ ಟೆಕ್ನೋದ ಹಾಗಿಲ್ಲ' ಎಂದು ತಿದ್ದಿ ಓದಿಕೊಂಡರೆ ಅದು ನಿಮಗೆ ಉಪಯೋಗಕ್ಕೆ ಬರುತ್ತದೆ.

ಇನ್ನು ಒಂದು ಹಿಟ್, ಹನ್ನೊಂದು ಡಬ್ಬ ಎನ್ನುವವರು. ಹಿಟ್ ಯಾವುದು ಎಂದು ನೀವೂ ಊಹಿಸಿರುತ್ತೀರಿ: ಇನ್ನರ್ ಸಿಟಿಯ 'ಬಿಗ್ ಫನ್'. ಸಾಂಡರ್ಸನ್ ಅವರ ಸಂಗೀತ, ಶಿಕಾಗೋದ ಗಾಯಕಿ ಪ್ಯಾರಿಸ್ ಗ್ರೇ ಅವರ ದನಿ. ಆಲ್ಬಮ್ ಬಂದ ಕೂಡಲೇ ಭಾರಿ ಸಂಖ್ಯೆಯಲ್ಲಿ ಮಾರಾಟವಾಗಲಿಲ್ಲ. ಆದರೆ ಈ ಒಂದು ಹಾಡು ಬಿಡಿಯಾಗಿ ಬಂದು 1988ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನ ಮುಟ್ಟಿತು. ಆಲ್ಬಮ್ಮಿನ ಹೆಸರು ಮನೆಮನೆ ತಲುಪಿದ್ದು ಇದರ ಹೆಗಲ ಮೇಲೆ ಕೂತು. ಅಷ್ಟರ ಮಟ್ಟಿಗೆ ಆ ಕೇಳುಗರು ಹೇಳುವುದು ನಿಜ.

ಉಳಿದ ಹನ್ನೊಂದೂ ಡಬ್ಬ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಎಲ್ಲವೂ ಒಂದೇ ತೂಕದವು ಎಂದು ವಾದಿಸುವುದೂ ಇಲ್ಲ. ಸಂಕಲನ ಎಂಬ ಪದವನ್ನು ನಾವು ಕನ್ನಡದಲ್ಲಿ ಕವಿತೆಗೂ ಬಳಸುತ್ತೇವಲ್ಲ, ಅದೇ ಇಲ್ಲಿ ಸಹಾಯಕ್ಕೆ ಬರುತ್ತದೆ. ಒಂದು ಪೀಳಿಗೆಯ ಹೊಸ ಕವಿಗಳನ್ನು ಮೊದಲ ಸಲ ಒಟ್ಟಿಗೆ ತರುವ ಸಂಪಾದಕನ ಕೈಯಲ್ಲಿ ಹನ್ನೆರಡೂ ಶ್ರೇಷ್ಠ ಕವಿತೆಗಳಿರುವುದಿಲ್ಲ. ಕೆಲವು ಕವಿತೆಗಳನ್ನು ಅವು ಏನಾಗಿವೆ ಎಂಬುದಕ್ಕಿಂತ, ಬರೆದವನು ಏನಾಗಬಲ್ಲ ಎಂದು ನೋಡಿ ಸೇರಿಸಿರುತ್ತಾನೆ. ಆ್ಯಂಥನಿ ಶಕೀರ್ ಅವರ ಮೊದಲ ಪ್ರಕಟಿತ ಹಾಡು 'ಸೀಕ್ವೆನ್ಸ್ 10' ಇರುವುದು ಈ ಆಲ್ಬಮ್ಮಿನಲ್ಲಿ. ಮುಂದೆ ಅವರು ಡೆಟ್ರಾಯ್ಟಿನ ಅತ್ಯಂತ ಗೌರವಾನ್ವಿತ ಸಂಗೀತಗಾರರಲ್ಲಿ ಒಬ್ಬರಾದರು. ಅವರ ನಂತರದ ಕೆಲಸ ಕೇಳಿ ಬಂದವರಿಗೆ ಆ ಹಾಡಿನಲ್ಲಿ ಕಾಣುವುದು, ಕೇಳದೇ ಬಂದವರಿಗೆ ಕಾಣುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.

ಈಗ ನಿಮ್ಮ ಸ್ವಂತ ಅಭಿಪ್ರಾಯಕ್ಕೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಅದು. 'ನಿಂತಲ್ಲೇ ನಿಂತು ಕುಟ್ಟಿದ ಹಾಗೆ' ಎಂದಿದ್ದೀರಿ. ನೀವು ಎಲ್ಲಿ, ಯಾವುದರಲ್ಲಿ ಕೇಳಿದಿರಿ ಎಂದು ಬರೆದಿಲ್ಲ. ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಕೇಳಿರಬಹುದು ಎಂದುಕೊಳ್ಳುತ್ತೇನೆ. 909 ಯಂತ್ರದ ಬೇಸ್ ಡ್ರಮ್ಮಿನ ಹೊಟ್ಟೆ ಇರುವುದು ಸುಮಾರು 50–60 ಹರ್ಟ್ಸ್‌ನಲ್ಲಿ. ಅಂಗೈಯಗಲದ ಸ್ಪೀಕರಿನಲ್ಲಿ ಆ ಪದರ ಹೊರಡುವುದೇ ಇಲ್ಲ. ಕೇಳಿಸುವುದು ಬರೀ ಅದರ ತುದಿಯ 'ಟಕ್'. ಬೇಸ್ ಗಿಟಾರಿನ ಜಾಗದಲ್ಲಿರುವ ಸಿಂಥಸೈಜರ್ ಸಾಲಿನ ಅರ್ಧವೂ ಅದರ ಜೊತೆಗೇ ಹೋಗುತ್ತದೆ. ಈ ಸಂಗೀತದ ರಾಗ ಭಾಗ ಬಹಳ ಸಲ ಆ ಕೆಳಗಿನ ಸಾಲಿನಲ್ಲೇ ಇರುವುದು. ಅದನ್ನು ತೆಗೆದರೆ ಉಳಿಯುವುದು ಕುಟ್ಟಾಣಿಯ ಸದ್ದು.

ಕರಾವಳಿ, ಮಲೆನಾಡಿನ ಓದುಗರಿಗೆ ಇದು ಬೇಗ ಅರ್ಥವಾದೀತು. ಯಕ್ಷಗಾನದ ಕ್ಯಾಸೆಟ್ಟನ್ನು ಮಟಮಟ ಮಧ್ಯಾಹ್ನ ಜಗಲಿಯಲ್ಲಿ ಕೂತು ಕೇಳುವುದು ಬೇರೆ, ಬಯಲಿನಲ್ಲಿ ನಡುರಾತ್ರಿ ಕಳೆದ ಮೇಲೆ ಚೆಂಡೆ ಎದೆಗೆ ಬಂದು ಬಡಿಯುವಾಗ ಕೂತಿರುವುದು ಬೇರೆ. ಕ್ಯಾಸೆಟ್ಟಿನಲ್ಲಿ ಉದ್ದ ಎನ್ನಿಸಿದ ಪೀಠಿಕೆ ಬಯಲಿನಲ್ಲಿ ಉದ್ದ ಎನ್ನಿಸುವುದಿಲ್ಲ, ವೇಷ ರಂಗಕ್ಕೆ ಬರಬೇಕಲ್ಲ, ಕಾಯುತ್ತೇವೆ. ಕುಣಿತದ ಸಂಗೀತದಲ್ಲೂ ಒಂದೇ ತಾಳ ಮೂರು ನಿಮಿಷ ಸಾಗುವುದಕ್ಕೆ ಕಾರಣವಿದೆ. ಡಿಜೆ ಆ ಮೂರು ನಿಮಿಷದಲ್ಲಿ ಹಿಂದಿನ ಹಾಡನ್ನು ಇಳಿಸಿ ಇದನ್ನು ಏರಿಸುತ್ತಾನೆ, ಕುಣಿಯುವವರ ಕಾಲು ತಪ್ಪದಂತೆ ನೋಡಿಕೊಳ್ಳುತ್ತಾನೆ. ಆ ಜಾಗವನ್ನು ಹಾಡು ಮಾಡಿದವರು ಬೇಕೆಂದೇ ಬಿಟ್ಟಿರುತ್ತಾರೆ. ಈ ಸಂಕಲನ ಹಾಡುಗಳನ್ನು ಒಂದರೊಳಗೊಂದು ಬೆರೆಸಿದ ಡಿಜೆ ಮಿಕ್ಸ್ ಅಲ್ಲ, ಒಂದು ಮುಗಿದ ಮೇಲೆ ಇನ್ನೊಂದು ಬರುತ್ತದೆ. ಹಾಗಾಗಿ ಕೂತು ಕೇಳುವವರಿಗೆ ಆ ಖಾಲಿ ಜಾಗ ಖಾಲಿಯಾಗಿಯೇ ಕೇಳಿಸುತ್ತದೆ.

ನಾನೇ ಮೊದಲು ಇದನ್ನು ಕೇಳಿದ್ದು ರಾತ್ರಿ ಬಸ್ಸಿನಲ್ಲಿ, ಸಣ್ಣ ಇಯರ್‌ಫೋನಿನಲ್ಲಿ. ಅರ್ಧಕ್ಕೇ ನಿಲ್ಲಿಸಿದೆ. ಕೆಲವು ವರ್ಷ ಕಳೆದ ಮೇಲೆ ಗೆಳೆಯರೊಬ್ಬರ ಮನೆಯ ಮಹಡಿಯಲ್ಲಿ, ನೆಲಕ್ಕೆ ನಿಲ್ಲಿಸುವ ದೊಡ್ಡ ಸ್ಪೀಕರುಗಳ ಮುಂದೆ ಮೊದಲ ಹಾಡು 'ಇಟ್ ಈಸ್ ವಾಟ್ ಇಟ್ ಈಸ್' ಕೇಳಿದೆ. ಡೆರಿಕ್ ಮೇ ಅವರು ರಿದಿಮ್ ಈಸ್ ರಿದಿಮ್ ಎಂಬ ಹೆಸರಿನಲ್ಲಿ ಮಾಡಿದ್ದು. ಕೆಳಗೆ ತಾಳ ಚಡಪಡಿಸುತ್ತಿರುತ್ತದೆ, ಮೇಲೆ ಪಿಟೀಲುಗಳ ಗುಂಪಿನಂಥ ಸಿಂಥಸೈಜರ್ ದನಿ ನಿಧಾನವಾಗಿ ಹರಡುತ್ತದೆ. ಕುಣಿಯುವ ಹಾಡಿನೊಳಗೆ ಅಷ್ಟು ವಿಷಾದ ಇರಬಹುದು ಎಂದು ನಾನು ಅಂದುಕೊಂಡಿರಲಿಲ್ಲ. ಖಾಲಿಯಾಗುತ್ತಿದ್ದ ಊರೊಂದರ ಹುಡುಗ ಖಾಲಿ ಬೀದಿ ನೋಡುತ್ತ ಮಾಡಿದ ಸಂಗೀತ ಎಂದು ಆವತ್ತು ನನಗೆ ಮನದಟ್ಟಾಯಿತು. ಆ ರಾತ್ರಿಯ ನಂತರ ನಾನು ಈ ಆಲ್ಬಮ್ಮಿನ ಪರ ಮಾತಾಡುವವನಾದೆ. ಹಾಗಾಗಿ ನಾನೂ ಒಂದು ಜಾಗದಲ್ಲಿ ನಿಂತೇ ಮಾತಾಡುತ್ತಿದ್ದೇನೆ ಎಂಬುದು ನಿಮಗೆ ಗೊತ್ತಿರಲಿ.

ಕಾಲವೂ ಅಭಿಪ್ರಾಯವನ್ನು ತಿರುಗಿಸುತ್ತದೆ, ಅದಕ್ಕೆ ನಮ್ಮ ದೇಶದ್ದೇ ಉದಾಹರಣೆ ಕೊಡಬಹುದು. ಮುಂಬೈ ಚಿತ್ರರಂಗದ ವಾದ್ಯಗಾರ ಚರಣಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ಆಲ್ಬಮ್ ತಂದರು. ಭೈರವಿ, ತೋಡಿ, ಮಾಲಕೌಂಸ್ ಎಲ್ಲ ಅದರಲ್ಲಿವೆ. ಯಂತ್ರಗಳು ಅವೇ ರೋಲ್ಯಾಂಡ್ ಕಂಪನಿಯವು, 808 ಮತ್ತು ಬೇಸ್ ಸಾಲು ನುಡಿಸುವ ಟಿಬಿ-303. ಆಗ ಅದನ್ನು ಕೇಳಿದವರೇ ಕಡಿಮೆ. 2010ರಲ್ಲಿ ಮರುಮುದ್ರಣವಾದಾಗ ಯುರೋಪಿನ ಕೇಳುಗರು ಬೆರಗಾದರು, ಶಿಕಾಗೋದವರು ಅದೇ 303ನಿಂದ 1987ರಲ್ಲಿ ಹೊರಡಿಸಿದ ಆ್ಯಸಿಡ್ ಹೌಸ್ ಎಂಬ ಹೌಸ್ ಬಗೆಯ ಸದ್ದಿಗೆ ಇದು ಅಷ್ಟು ಹತ್ತಿರವಾಗಿತ್ತು. ರೆಕಾರ್ಡಿನ ಗೆರೆಗಳು 1982ರಲ್ಲಿ ಇದ್ದವೇ. ನಡುವೆ ಬೇರೆ ಸಂಗೀತ ಬಂದು ಕೇಳುವ ಕಿವಿ ಬದಲಾಗಿತ್ತು. ಡೆಟ್ರಾಯ್ಟ್ ಸಂಕಲನಕ್ಕೆ ಆದದ್ದು ಇದರ ತಿರುವುಮುರುವು: ಬಂದಾಗ ತೀರ ಹೊಸದಾಗಿ ಕೇಳಿಸಿದ್ದು, ಅದನ್ನು ಅನುಸರಿಸಿದವರು ಹೆಚ್ಚಾದ ಮೇಲೆ ಪರಿಚಿತವಾಗಿ, ಕೆಲವರಿಗೆ ಹಳತಾಗಿ ಕೇಳಿಸುತ್ತಿದೆ.

ಮೈಲಿಗಲ್ಲು ಎನ್ನುವ ಮೊದಲ ಕೇಳುಗರ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು, ಅವರು ನನ್ನ ಪಕ್ಷದವರಾದರೂ. ಚರಿತ್ರೆ ಗೊತ್ತಿರುವವರು ಹಾಡಿಗೆ ಕೊಡಬೇಕಾದ ಅಂಕವನ್ನು ಚರಿತ್ರೆಗೆ ಕೊಟ್ಟುಬಿಡುತ್ತಾರೆ. ಆಲ್ಬಮ್ಮಿನ ಹೆಸರು ಒಂದು ಪ್ರಕಾರಕ್ಕೆ ಹೆಸರಾಯಿತು, ಸರಿ. ಅದರಿಂದ ಅದರೊಳಗಿನ ಪ್ರತಿ ಹಾಡೂ ಒಳ್ಳೆಯದಾಗುವುದಿಲ್ಲ. ರೆಕಾರ್ಡುಗಳ ಪಟ್ಟಿ, ಮಾರಾಟದ ಜಾಲತಾಣ ಡಿಸ್ಕಾಗ್ಸ್‌ನಂಥ ಕಡೆ ಅಂಕ ಹಾಕುವವರಲ್ಲಿ ಹೆಚ್ಚಿನವರು ರೆಕಾರ್ಡನ್ನು ಹುಡುಕಿ, ದುಡ್ಡು ಕೊಟ್ಟು, ಶೆಲ್ಫಿನಲ್ಲಿ ಇಟ್ಟುಕೊಂಡವರು ಎಂಬುದನ್ನೂ ನೆನಪಿಡಿ. ಇಷ್ಟವಾಗದವರು ಅಲ್ಲಿಗೆ ಬರುವುದೇ ಅಪರೂಪ, ಆದ್ದರಿಂದ ಅಂಥ ಕಡೆ ಹಳೆಯ ರೆಕಾರ್ಡುಗಳ ಸರಾಸರಿ ಅಂಕ ಸಾಮಾನ್ಯವಾಗಿ ಮೇಲೇ ಇರುತ್ತದೆ. ಸುಮ್ಮನೆ ಸ್ಟ್ರೀಮಿಂಗಿನಲ್ಲಿ ಒಮ್ಮೆ ಕೇಳಿ ಸಿಟ್ಟಿನಿಂದ ಬರೆದವರ ಮಾತು ಮತ್ತೊಂದು ತುದಿಗೆ ಎಳೆಯುತ್ತದೆ. ನಾನು ಎರಡನ್ನೂ ಬಿಟ್ಟು ಮೂರು ಬಗೆಯ ಮಾತು ಹುಡುಕುತ್ತೇನೆ: ಯಾವ ಹಾಡು ಎಂದು ಹೆಸರು ಹೇಳಿ ಮಾತಾಡಿದವರು, ಎಲ್‌ಪಿಯೋ ಸಿಡಿಯೋ ಫೈಲೋ ಎಂದು ಹೇಳಿದವರು, ಮೊದಲು ಒಂದು ಅನ್ನಿಸಿ ಆಮೇಲೆ ಬದಲಾಯಿತು ಎಂದವರು. ಕೊನೆಯವರ ಮಾತಿಗೆ ಹೆಚ್ಚು ಬೆಲೆ ಕೊಡುತ್ತೇನೆ.

ಹಾಗಾದರೆ ಮತ್ತೆ ಹೇಗೆ ಕೇಳುವುದು? ಹನ್ನೆರಡನ್ನೂ ಸಾಲಾಗಿ ಕೇಳಬೇಡಿ. ನಿಮ್ಮದು ಚಿತ್ರಗೀತೆಯ ಕಿವಿ, ಹಾಗಾಗಿ 'ಬಿಗ್ ಫನ್'ನಿಂದ ಹೊರಡಿ. ಪ್ಯಾರಿಸ್ ಗ್ರೇ ಅವರ ದನಿಯನ್ನು ಒಂದು ಸಲ ಅನುಸರಿಸಿ, ಎರಡನೇ ಸಲ ದನಿಯನ್ನು ಬಿಟ್ಟು ಕೆಳಗಿನ ಬೇಸ್ ಸಾಲನ್ನು ಮಾತ್ರ ಹಿಡಿದು ಹೋಗಿ. ಆ ಅಭ್ಯಾಸ ಕೂತರೆ ಉಳಿದವು ತಾವಾಗಿ ತೆರೆದುಕೊಳ್ಳುತ್ತವೆ. ಆಮೇಲೆ 'ಶೇರ್ ದಿಸ್ ಹೌಸ್', ಅದರಲ್ಲೂ ದನಿಯ ಆಸರೆ ಇದೆ. ಮೂರನೆಯದಾಗಿ ಬ್ಲೇಕ್ ಬ್ಯಾಕ್ಸ್‌ಟರ್ ಅವರ 'ಫಾರೆವರ್ ಅಂಡ್ ಎ ಡೇ'. ಅದಾದ ಮೇಲೆ ಹ್ವಾನ್ ಆಟ್ಕಿನ್ಸ್ ಅವರ 'ಟೆಕ್ನೋ ಮ್ಯೂಸಿಕ್'. ಇದು ಹೌಸ್‌ನಿಂದ ದೂರ ನಿಲ್ಲುವ ಹಾಡು, ಸೈಬೊಟ್ರಾನ್ ಕಾಲದ ಯಂತ್ರಪ್ರೀತಿ ಇದರಲ್ಲಿ ಇನ್ನೂ ಬಿಸಿಯಾಗಿದೆ. ಡೆರಿಕ್ ಮೇ ಈ ಸಂಗೀತವನ್ನು ಜಾರ್ಜ್ ಕ್ಲಿಂಟನ್ ಮತ್ತು ಕ್ರಾಫ್ಟ್‌ವರ್ಕ್ ಒಂದೇ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಎಂದು ವರ್ಣಿಸಿದ್ದು ಪ್ರಸಿದ್ಧ. ಆ ವರ್ಣನೆ ಕಿವಿಗೆ ಸ್ಪಷ್ಟವಾಗುವುದು ಇಲ್ಲೇ. 'ಇಟ್ ಈಸ್ ವಾಟ್ ಇಟ್ ಈಸ್' ಕೊನೆಗಿರಲಿ, ರಾತ್ರಿ ಹೊತ್ತು, ದೀಪ ಆರಿಸಿ. ಉಳಿದ ಏಳನ್ನು ಸದ್ಯಕ್ಕೆ ಬಿಡಿ. ಎರಡು ತಿಂಗಳ ಮೇಲೆ ಕೇಳಿದರೂ ನಷ್ಟವಿಲ್ಲ. ಕೆಲವು ನನಗೂ ಇವತ್ತಿಗೂ ಸಪ್ಪೆಯೇ.

ಕೂತು ಕೇಳುವುದಕ್ಕೆಂದೇ ಮಾಡಿದ್ದು ಬೇಕು ಎನ್ನಿಸಿದರೆ 1992ರಲ್ಲಿ ಇಂಗ್ಲೆಂಡಿನ ವಾರ್ಪ್ ಲೇಬಲ್ ತಂದ 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಎಂಬ ಸಂಕಲನ ಇದೆ. ಮುಖಪುಟದಲ್ಲಿ ಒಂದು ರೋಬೊ ಆರಾಮಕುರ್ಚಿಯಲ್ಲಿ ಒರಗಿದೆ, ಸುತ್ತ ನೆಲದ ಮೇಲೆ ಎಲ್‌ಪಿಗಳು ಬಿದ್ದಿವೆ. ಕುಣಿತದ ಅಂಗಳದಿಂದ ಮನೆಗೆ ಬಂದವರಿಗಾಗಿ ಎಂದು ಚಿತ್ರವೇ ಹೇಳುತ್ತದೆ. ಡೆಟ್ರಾಯ್ಟಿನ ಆಲ್ಬಮ್ಮಿಗಿಂತ ಅದು ನಿಮಗೆ ಬೇಗ ಒಗ್ಗಬಹುದು. ಒಗ್ಗಿದ ಮೇಲೆ ಇದಕ್ಕೆ ಮರಳಿ ಬನ್ನಿ, ಅದರ ಅಜ್ಜಿಮನೆ ಇದು.

ಎಲ್‌ಪಿ ಬಗ್ಗೆ. ಮೂಲ ಬ್ರಿಟಿಷ್ ಮುದ್ರಣ ಎರಡು ತಟ್ಟೆಗಳದ್ದು, ಒಂದು ಮುಖಕ್ಕೆ ಮೂರು ಹಾಡು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಒಂದು ಮುಖದಲ್ಲಿ ಹೆಚ್ಚು ನಿಮಿಷ ತುರುಕಿದಷ್ಟೂ ಗೆರೆಗಳು ಹತ್ತಿರ ಹತ್ತಿರ ಕೂರಬೇಕು, ಬೇಸ್ ಕಡಿಮೆ ಮಾಡಬೇಕು, ಸದ್ದೂ ಇಳಿಯುತ್ತದೆ. ಡಿಜೆಗಳು ಆಲ್ಬಮ್ಮಿಗಿಂತ ಬಿಡಿ ಹಾಡಿನ ಹನ್ನೆರಡಿಂಚಿನ ತಟ್ಟೆ ಹುಡುಕುವುದು ಇದಕ್ಕೇ, ಅದರಲ್ಲಿ ಗೆರೆಗಳಿಗೆ ಕಾಲು ಚಾಚಲು ಜಾಗವಿರುತ್ತದೆ. ಮುಖಕ್ಕೆ ಮೂರೇ ಹಾಡು ಎಂಬುದರಿಂದ ಈ ಆಲ್ಬಮ್ ಆ ಮಟ್ಟಿಗೆ ಪರವಾಗಿಲ್ಲ. ಆದರೆ ನಿಮ್ಮ ಬಳಿ ಟರ್ನ್‌ಟೇಬಲ್ ಮತ್ತು ಬೇಸ್ ಹೊರಡಿಸಬಲ್ಲ ಸ್ಪೀಕರು ಈಗಾಗಲೇ ಇಲ್ಲದಿದ್ದರೆ ಎಲ್‌ಪಿಗೆ ಹಾಕುವ ದುಡ್ಡನ್ನು ಮೊದಲು ಸ್ಪೀಕರಿಗೆ ಹಾಕಿ. ಇದ್ದರೆ, ವಿದೇಶದಿಂದ ತರಿಸುವಾಗ ಅಂಚೆ ವೆಚ್ಚ, ಸುಂಕ ಸೇರಿಸಿ ಲೆಕ್ಕ ಹಾಕಿ, ತಟ್ಟೆಯ ಸ್ಥಿತಿ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ದರ್ಜೆಗಿಂತ ಕೆಳಗಿನದನ್ನು ಕೊಳ್ಳಬೇಡಿ. ಕ್ಲಬ್ಬುಗಳಲ್ಲಿ ಓಡಿದ ಹಳೆಯ ತಟ್ಟೆಗಳಿಗೆ ಸೂಜಿಯ ಗಾಯ ಹೆಚ್ಚು, ಹಾಡಿನ ಮೊದಲ ನಿಮಿಷದಲ್ಲೇ ಅದು ಕರಕರ ಎನ್ನುತ್ತದೆ. ತಟ್ಟೆಯ ಫೋಟೊ ಬೆಳಕಿಗೆ ಓರೆಯಾಗಿ ಹಿಡಿದು ತೆಗೆದದ್ದನ್ನೇ ಕೇಳಿ ತರಿಸಿಕೊಳ್ಳಿ.

ಇದಕ್ಕೂ ಮೊದಲು ಖರ್ಚಿಲ್ಲದ ಒಂದು ಕೆಲಸ ಮಾಡಿ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಅಕ್ಕನ ಮಗ ಕೆಲಸ ಮಾಡುವ ಜಾಗಕ್ಕೆ ಸಂಜೆ ಬೇಗ ಹೋಗಿ, ಜನ ಸೇರುವ ಮುಂಚೆ, ಅವನು ಸೌಂಡ್ ಚೆಕ್ ಮಾಡುವ ಹೊತ್ತಿಗೆ. 'ಇಟ್ ಈಸ್ ವಾಟ್ ಇಟ್ ಈಸ್' ಒಂದು ಸಲ ಪೂರ್ತಿ ಹಾಕಪ್ಪ ಎನ್ನಿ. ಸ್ಪೀಕರಿಗೆ ತೀರ ಹತ್ತಿರ ನಿಲ್ಲಬೇಡಿ, ನೆಲದ ಮಧ್ಯಕ್ಕೆ ನಿಲ್ಲಿ. ಆಮೇಲೆ ಏನನ್ನಿಸಿತು ಎಂದು ನನಗೆ ಬರೆಯಿರಿ, ಬೇಸರವಾಯಿತು ಎಂದರೂ ಸರಿ.